ಜನರ ಸುರಕ್ಷತೆಗಾಗಿ ಶಾಸಕರು ಮಾಡಿದ ಕೆಲಸವನ್ನು ಪರಿಶೀಲಿಸುವುದು ಹೇಗೆ? ಕೊಡಗಿನ ಗ್ರಾಮ ಸಂಘವೊಂದರ ಪ್ರಶ್ನೆ

ಪ್ರಶ್ನೆ: ಸಂಘದ ಕಾರ್ಯದರ್ಶಿ, ಸಿದ್ದಾಪುರ

ಮಾನ್ಯರೇ,

ಸಿದ್ದಾಪುರದ ಸುತ್ತಮುತ್ತಲಿನ ಕೆಲವು ಊರುಗಳ ನಿವಾಸಿಗಳು ಸೇರಿ ನಡೆಸುತ್ತಿರುವ ಸಣ್ಣ ಸಂಘವೊಂದರ ಪರವಾಗಿ ಇದನ್ನು ಕೇಳುತ್ತಿದ್ದೇನೆ. 2023ರ ಚುನಾವಣೆಯಲ್ಲಿ ಕೊಡಗಿನ ಎರಡೂ ಕ್ಷೇತ್ರಗಳು ಹೊಸಬರನ್ನು ವಿಧಾನಸಭೆಗೆ ಕಳುಹಿಸಿದವು: ಮಡಿಕೇರಿಯಿಂದ ಡಾ. ಮಂತರ್ ಗೌಡ, ವಿರಾಜಪೇಟೆಯಿಂದ ಎ.ಎಸ್. ಪೊನ್ನಣ್ಣ. ಕಾವೇರಿಯ ಈ ದಡ ಒಂದು ಕ್ಷೇತ್ರಕ್ಕೂ ಎದುರು ದಡದ ನೆಲ್ಯಹುದಿಕೇರಿ ಇನ್ನೊಂದು ಕ್ಷೇತ್ರಕ್ಕೂ ಸೇರಿರುವುದರಿಂದ ನಮಗೆ ಇಬ್ಬರು ಶಾಸಕರ ಕೆಲಸವೂ ಮುಖ್ಯ. ಆನೆಗಾಗಲಿ ಪ್ರವಾಹಕ್ಕಾಗಲಿ ಈ ಗಡಿ ತಿಳಿಯದು. ಜನರ ಸುರಕ್ಷತೆಗಾಗಿ ಈಚಿನ ವರ್ಷಗಳಲ್ಲಿ ಏನೇನು ನಡೆದಿದೆ ಎಂಬುದನ್ನು ಪಕ್ಷಭೇದವಿಲ್ಲದೆ ಪರಿಶೀಲಿಸಿ, ಚಿಕ್ಕ ಟಿಪ್ಪಣಿಯೊಂದನ್ನು ಸಿದ್ಧಪಡಿಸಿ, ಅದನ್ನು ಶಾಸಕರ ಕೈಗೇ ಕೊಡಬೇಕೆಂದು ಸಂಘ ತೀರ್ಮಾನಿಸಿದೆ.

ಆದರೆ ನಮ್ಮ ಕೈಯಲ್ಲಿರುವ ಸಾಮಗ್ರಿಯೆಲ್ಲ ಗುದ್ದಲಿ ಪೂಜೆಯ ಸುದ್ದಿಗಳು, ಆನೆ ದಾಳಿಯಲ್ಲಿ ಮೃತಪಟ್ಟವರ ಮನೆಗೆ ಭೇಟಿ ನೀಡಿದ ಚಿತ್ರಗಳು ಮತ್ತು ಅಧಿಕಾರಿಗಳಿಗೆ ಸೂಚನೆ ನೀಡಲಾಯಿತೆಂಬ ವರದಿಗಳು. ದುಃಖದಲ್ಲಿರುವ ಮನೆಗೆ ಜನಪ್ರತಿನಿಧಿ ಬರುವುದನ್ನು ನಾವು ಕಡಿಮೆಯೆಂದು ಎಣಿಸುವುದಿಲ್ಲ. ಆದರೂ ಆ ಭೇಟಿಯ ನಂತರ ಏನಾಯಿತು ಎಂಬುದನ್ನು ತಿಳಿಯುವ ದಾರಿ ನಮಗೆ ಕಾಣುತ್ತಿಲ್ಲ. ಕಾಡಾನೆ, ಮಳೆಗಾಲದ ಭೂಕುಸಿತ, ನದಿದಡದ ಮನೆಗಳು, ರಸ್ತೆ, ಆಸ್ಪತ್ರೆ ಇವುಗಳಲ್ಲಿ ಶಾಸಕರ ಕೈಯಲ್ಲಿರುವುದೆಷ್ಟು, ಇಲ್ಲದ್ದೆಷ್ಟು, ಮತ್ತು ಮಾಡಿದ್ದರ ದಾಖಲೆ ಎಲ್ಲಿ ಸಿಗುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ 1: ನಿವೃತ್ತ ತಾಲ್ಲೂಕು ಪಂಚಾಯಿತಿ ನೌಕರ, ಸೋಮವಾರಪೇಟೆ

ಕಾರ್ಯದರ್ಶಿಗಳೇ, ದಾಖಲೆ ಇದೆ. ಯಾರೂ ಕೇಳುವುದಿಲ್ಲವಾದ್ದರಿಂದ ಕಡತದಲ್ಲೇ ಉಳಿದಿದೆ.

ಮೊದಲನೆಯದು ಸದನ. ಚುಕ್ಕೆ ಗುರುತಿನ (ಸದನದಲ್ಲಿ ಮೌಖಿಕ ಉತ್ತರ ಬಯಸುವ) ಮತ್ತು ಚುಕ್ಕೆ ರಹಿತ (ಲಿಖಿತ ಉತ್ತರ ಬಯಸುವ) ಪ್ರಶ್ನೆಗಳಿಗೆ ಸಚಿವರು ಕೊಟ್ಟ ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ದೊರೆಯುತ್ತವೆ. "ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂಬ ಪ್ರಶ್ನೆಗೆ "ಬಂದಿದೆ" ಎಂದಷ್ಟೇ ಉತ್ತರವಿರುವ ಸಾಲುಗಳನ್ನು ದಾಟಿ, "ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಎಂಬ ಸಾಲಿಗೆ ಹೋಗಿ. ತಾಲ್ಲೂಕುವಾರು ಅಂಕಿಅಂಶಗಳು ಸಾಮಾನ್ಯವಾಗಿ ಅದರ ಅನುಬಂಧದಲ್ಲಿರುತ್ತವೆ. ಸಚಿವರು ಸದನದಲ್ಲಿ ಭರವಸೆ ನೀಡಿದ್ದರೆ, ಅದು ಈಡೇರಿದೆಯೇ ಎಂದು ನೋಡುವುದಕ್ಕಾಗಿಯೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಭರವಸೆ ಪಡೆದ ಮೇಲೆ ಶಾಸಕರು ಅದರ ಬೆನ್ನು ಹತ್ತಿದರೇ ಎಂಬುದನ್ನು ನಿಮ್ಮ ಟಿಪ್ಪಣಿ ಕೇಳಬೇಕು.

ಎರಡನೆಯದು, ನನ್ನ ಅನುಭವದಲ್ಲಿ ಹೆಚ್ಚು ಬೆಲೆಯುಳ್ಳದ್ದು, ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆ. ಇದರ ಅಧ್ಯಕ್ಷತೆ ಶಾಸಕರದೇ. ಅರಣ್ಯ, ಲೋಕೋಪಯೋಗಿ, ಆರೋಗ್ಯ, ವಿದ್ಯುತ್ ಸರಬರಾಜು ಹೀಗೆ ಎಲ್ಲ ಇಲಾಖೆಗಳ ಅಧಿಕಾರಿಗಳು ಒಂದೇ ಸೂರಿನಡಿ ಉತ್ತರ ಕೊಡಬೇಕಾದ ಸಭೆ ಇದು. ಪ್ರತಿ ಸಭೆಗೂ ನಡವಳಿ ಇರುತ್ತದೆ. ಹಿಂದಿನ ಸಭೆಯ ಸೂಚನೆಗಳ ಮೇಲೆ ಇಲಾಖೆಗಳು ಅನುಪಾಲನಾ ವರದಿಯನ್ನು ಕೊಡಬೇಕು. ಶಾಸಕರ ಶ್ರಮ ಎಷ್ಟಿದೆಯೆಂಬುದು ಈ ಅನುಪಾಲನಾ ವರದಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಏಕೆಂದರೆ ರಸ್ತೆಗೆ ಬಾಗಿದ ಒಣಮರವನ್ನು ತೆರವುಗೊಳಿಸಬೇಕೆಂಬ ಒಂದೇ ಸೂಚನೆ ಸಭೆಯಿಂದ ಸಭೆಗೆ "ಪ್ರಗತಿಯಲ್ಲಿದೆ" ಎಂದು ಸಾಗುತ್ತಿದ್ದರೆ ಸೂಚನೆ ಕೊಟ್ಟವರು ಅದನ್ನು ಮತ್ತೆ ಓದಿಲ್ಲವೆಂದೂ, "ಪೂರ್ಣಗೊಂಡಿದೆ" ಎಂದು ದಿನಾಂಕದೊಡನೆ ಬಂದಿದ್ದರೆ ಯಾರೋ ಅದಕ್ಕಾಗಿ ಒತ್ತಾಯಿಸಿದ್ದಾರೆಂದೂ ತಿಳಿಯಬಹುದು.

ಮೂರನೆಯದು ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ ರೂಪಾಯಿ. ಕಾಮಗಾರಿಯನ್ನು ಸೂಚಿಸುವವರು ಶಾಸಕರು, ಮಂಜೂರು ಮಾಡುವವರು ಜಿಲ್ಲಾಧಿಕಾರಿಗಳು. ಸಮುದಾಯ ಭವನಕ್ಕೆ ಎಷ್ಟು ಹೋಯಿತು, ತಡೆಗೋಡೆಗೆ ಎಷ್ಟು ಹೋಯಿತು ಎಂದು ಕಾಮಗಾರಿಗಳ ಪಟ್ಟಿಯೇ ಹೇಳುತ್ತದೆ.

ಇವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. ನಡವಳಿಗೆ ತಾಲ್ಲೂಕು ಪಂಚಾಯಿತಿಗೂ ನಿಧಿಯ ಪಟ್ಟಿಗೆ ಜಿಲ್ಲಾಧಿಕಾರಿಗಳ ಕಚೇರಿಗೂ ಬೇರೆ ಬೇರೆಯಾಗಿ ಬರೆಯಿರಿ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದನ್ನು ತಿರಸ್ಕರಿಸಲು ಕಾರಣ ಕೊಟ್ಟಂತಾಗುತ್ತದೆ.

ಉತ್ತರ 2: ಕಾಫಿ ಬೆಳೆಗಾರ್ತಿ, ಪಾಲಿಬೆಟ್ಟ

ಮೇಲಿನ ಉತ್ತರ ಉಪಯುಕ್ತವಾಗಿದೆ. ಆದರೆ ಆನೆಯ ವಿಷಯದಲ್ಲಿ ಏನನ್ನು ಕೇಳಬೇಕು ಎಂಬುದು ನಿಶ್ಚಯವಾಗದಿದ್ದರೆ ದಾಖಲೆ ಸಿಕ್ಕಿಯೂ ಪ್ರಯೋಜನವಾಗದು.

ನಮ್ಮ ಕಡೆಯ ಆನೆಗಳಲ್ಲಿ ಹಲವು ಈಗ ಕಾಡಿನಿಂದ ಬಂದು ಹೋಗುವವಲ್ಲ; ತೋಟದಲ್ಲೇ ಹಗಲು ಕಳೆಯುವವು. ನೆರಳು, ಕೆರೆಯ ನೀರು, ಹಲಸು, ಪಕ್ಕದಲ್ಲಿ ಭತ್ತದ ಗದ್ದೆ ಎಲ್ಲವೂ ಅವಕ್ಕೆ ಇಲ್ಲೇ ದೊರೆಯುತ್ತವೆ. ಇದರಿಂದಾಗಿ ಕಾಡಿನಂಚಿಗೆ ಕಂದಕ, ಸೌರ ಬೇಲಿ, ರೈಲ್ವೆ ಕಂಬಿಗಳ ಬ್ಯಾರಿಕೇಡ್ ಹಾಕಿಸಿದೆವು ಎಂಬ ಲೆಕ್ಕ ಅರ್ಧ ಮಾತ್ರ. ಒಳಗೆ ಉಳಿದ ಆನೆಗಳನ್ನು ಹೊರಕ್ಕೆ ಕಳುಹಿಸದೆ ಬೇಲಿ ಮುಚ್ಚಿದರೆ ಅವು ಜನರ ನಡುವೆಯೇ ಬಂದಿಯಾಗುತ್ತವೆ. ಬ್ಯಾರಿಕೇಡ್ ನಡುವೆ ಬಿಟ್ಟುಹೋದ ಸಣ್ಣ ಜಾಗವೊಂದೇ ಇಡೀ ಸಾಲನ್ನು ನಿರರ್ಥಕಗೊಳಿಸುತ್ತದೆ. ಮಳೆಗಾಲದಲ್ಲಿ ಕಂದಕದ ಮಣ್ಣು ಕುಸಿದು ಅದೇ ದಾರಿಯಾಗುತ್ತದೆ. ಆದ್ದರಿಂದ ಎಷ್ಟು ಕಿಲೋಮೀಟರ್ ಮಂಜೂರಾಯಿತು ಎಂದು ಕೇಳಿ ಸುಮ್ಮನಾಗಬೇಡಿ. ಎಲ್ಲಿಂದ ಎಲ್ಲಿಯವರೆಗೆ ಬಿಡುವಿಲ್ಲದೆ ಮುಗಿದಿದೆ, ನಿರ್ವಹಣೆಗೆ ಪ್ರತ್ಯೇಕ ಹಣ ಇಟ್ಟಿದ್ದಾರೆಯೇ ಎಂದು ಕೇಳಿ.

ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿತು. ಆನೆ ಸಂರಕ್ಷಣೆಯ ವಲಯ, ಆನೆಯೂ ಮನುಷ್ಯರೂ ಜೊತೆಗಿರುವ ವಲಯ, ಆನೆಯನ್ನು ತೆರವುಗೊಳಿಸಬೇಕಾದ ವಲಯ ಎಂದು ಭೂಪ್ರದೇಶವನ್ನು ವಿಂಗಡಿಸಿ ಕೆಲಸ ಮಾಡಬೇಕೆಂದು ಅದು ಹೇಳಿತ್ತು. ನಮ್ಮ ಊರು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಸರ್ಕಾರದ ಬಾಯಿಂದ ಹೇಳಿಸುವ ಶಾಸಕರು ನಮಗೆ ಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದುಹೋಗುವವರು ಕಾರ್ಮಿಕರು. ಆನೆ ಎದುರಾಗುವುದು ಹೆಚ್ಚಾಗಿ ಅವರಿಗೇ. ಆನೆ ಎಲ್ಲಿದೆ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ, ನಿಜ. ಆದರೆ ಲೈನ್‌ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ) ಈಗ ಅಸ್ಸಾಂ ಮೊದಲಾದ ಕಡೆಯಿಂದ ಬಂದವರು ಬಹಳ ಮಂದಿ ಇದ್ದಾರೆ. ಅವರು ಕನ್ನಡ ಓದಲಾರರು. ಅನೇಕ ತೋಟಗಳ ಒಳಗೆ ಮೊಬೈಲ್ ಸಿಗ್ನಲ್ಲೂ ಸಿಗುವುದಿಲ್ಲ. ಕಾಡುಪ್ರಾಣಿ ದಾಳಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ಕೊಡುವ ದಯಾತ್ಮಕ ಧನವನ್ನು ಹಿಂದೆ ಏಳೂವರೆ ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿದಾಗ ಎಲ್ಲ ಪಕ್ಷದವರೂ ಅದನ್ನು ಸ್ವಾಗತಿಸಿದರು. ಪರಿಹಾರ ಹೆಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀವ ಉಳಿಸುವ ಎಚ್ಚರಿಕೆ ಲೈನ್‌ಮನೆಯ ಬಾಗಿಲಿಗೆ ತಲುಪುವಂತೆ ಮಾಡಲು ಅದಕ್ಕಿಂತ ಬಹಳ ಕಡಿಮೆ ಹಣ ಸಾಕು. ಇದರಲ್ಲಿ ಬೆಳೆಗಾರರಾದ ನಮಗೂ ಹೊಣೆಯಿದೆ. ಕೆಲಸದ ಸಮಯವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಲು, ಕಾರ್ಮಿಕರನ್ನು ವಾಹನದಲ್ಲಿ ಕರೆದೊಯ್ಯಲು ಯಾವ ಶಾಸಕರ ಅಪ್ಪಣೆಯೂ ಬೇಕಿಲ್ಲ.

ಉತ್ತರ 3: ವಕೀಲ, ಮಡಿಕೇರಿ

ಅಧಿಕಾರದ ಮಿತಿಯನ್ನು ಕುರಿತು ಕೇಳಿದ್ದೀರಿ. ಪೊಲೀಸ್ ವ್ಯವಸ್ಥೆ ರಾಜ್ಯದ ಪಟ್ಟಿಯಲ್ಲಿದೆ. ಅರಣ್ಯವು ಸಂವಿಧಾನದ 42ನೇ ತಿದ್ದುಪಡಿಯ ನಂತರ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಸಂಪಾಜೆ ಘಾಟಿಯ ಮೂಲಕ ಹೋಗುವ 275ನೇ ಹೆದ್ದಾರಿ ಕೇಂದ್ರದ್ದು. ಹೆದ್ದಾರಿಯ ತಡೆಗೋಡೆಗೆ ಶಾಸಕರನ್ನು ದೂರುವುದೂ, ಒಳರಸ್ತೆಯ ಮೋರಿಗೆ ಸಂಸದರನ್ನು ದೂರುವುದೂ ನಮ್ಮ ಶಕ್ತಿಯನ್ನು ವ್ಯರ್ಥಗೊಳಿಸುತ್ತವೆ.

ವಿಪತ್ತಿನ ವಿಷಯ ಇನ್ನೂ ಸೂಕ್ಷ್ಮವಾದುದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲೆಯ ಚುನಾಯಿತ ಸ್ಥಳೀಯ ಸಂಸ್ಥೆಯ ಅಧ್ಯಕ್ಷರು ಸಹಾಧ್ಯಕ್ಷರು. ಶಾಸಕರಿಗೆ ಅಲ್ಲಿ ಕಾಯ್ದೆಯೇ ಕೊಟ್ಟ ಸ್ಥಾನವಿಲ್ಲ. ಆದರೆ ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಜನರು ಆರಿಸಿದ ಆ ಸಹಾಧ್ಯಕ್ಷರ ಸ್ಥಾನವೂ ಖಾಲಿ ಉಳಿಯಿತು. ಹೀಗೆ ಕಾನೂನಿನಲ್ಲಿ ಇಲ್ಲದ ಹೊರೆ ವಾಸ್ತವದಲ್ಲಿ ಶಾಸಕರ ಹೆಗಲ ಮೇಲೆ ಬಿದ್ದಿದೆ. ಮಳೆಗಾಲದ ಪೂರ್ವಸಿದ್ಧತೆಯ ಸಭೆಯಲ್ಲಿ ಅವರು ಏನು ಕೇಳುತ್ತಾರೆ ಎಂಬುದು ಈ ಕಾರಣದಿಂದಲೇ ಮುಖ್ಯವಾಗುತ್ತದೆ. ಜಿಲ್ಲಾ ಪಂಚಾಯಿತಿ ಚುನಾವಣೆಯ ಪರವಾಗಿ ಶಾಸಕರು ಸದನದಲ್ಲಿ ದನಿ ಎತ್ತಿದ್ದಾರೆಯೇ ಎಂಬುದನ್ನು ನಾನಂತೂ ಸುರಕ್ಷತೆಯ ಪ್ರಶ್ನೆಯೆಂದೇ ಪರಿಗಣಿಸುತ್ತೇನೆ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಗಳ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಗುಡ್ಡ ಕುಸಿದದ್ದನ್ನು ನಾವು ಮರೆಯುವಂತಿಲ್ಲ. ಮಳೆ ಅತಿಯಾಗಿತ್ತು. ಅದರ ಜೊತೆಗೆ ರಸ್ತೆಗೂ ಕಟ್ಟಡಕ್ಕೂ ಗುಡ್ಡವನ್ನು ನೆಟ್ಟಗೆ ಕಡಿದದ್ದು ಇಳಿಜಾರನ್ನು ದುರ್ಬಲಗೊಳಿಸಿತೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಭೂಪರಿವರ್ತನೆಗೆ, ಅಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು, ಅನುಮತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದು. ಆದರೆ ಅಂಥ ಅನುಮತಿಗಾಗಿ ಶಾಸಕರ ಶಿಫಾರಸು ಪತ್ರ ಕೇಳಿಕೊಂಡು ಹೋಗುವವರು ನಮ್ಮ ನಡುವಿನವರೇ. ಕಡಿದಾದ ಜಾಗದ ಅರ್ಜಿಗೆ ಪತ್ರ ಕೊಡಲು ಶಾಸಕರೊಬ್ಬರು ನಿರಾಕರಿಸಿದರೆ ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಸಂಘವು ಅಂಥ ನಿರಾಕರಣೆಯ ಬೆಂಬಲಕ್ಕೆ ನಿಲ್ಲುವುದಾಗಿ ಟಿಪ್ಪಣಿಯಲ್ಲಿ ಬರೆದರೆ, ಅವರಿಗೆ ಅದರಷ್ಟು ಬಲ ಕೊಡುವ ಮಾತು ಬೇರೊಂದಿರಲಾರದು.

ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ ಸೂಚಿಸುತ್ತೇನೆ. ಸದನದ ಪ್ರಶ್ನೆಗಳ ಎಣಿಕೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಆಡಳಿತ ಪಕ್ಷದ ಶಾಸಕರು ಸಚಿವರ ಕೊಠಡಿಗೇ ಹೋಗಿ ಕೆಲಸ ಮಾಡಿಸಿಕೊಳ್ಳುವುದುಂಟು, ಆಗ ಪ್ರಶ್ನೆಗಳು ಕಡಿಮೆ ಕಾಣುತ್ತವೆ. ವಿರೋಧ ಪಕ್ಷದವರ ಪ್ರಶ್ನೆಗಳು ಸಹಜವಾಗಿ ಹೆಚ್ಚಿರುತ್ತವೆ. ಆದೇಶ, ಅನುದಾನ, ಕಾಮಗಾರಿ ಎಂಬ ಕ್ರಮದಲ್ಲಿ ಫಲಿತಾಂಶವನ್ನು ಹುಡುಕಿ.

ಉತ್ತರ 4: ಶುಶ್ರೂಷಕಿ, ಮಡಿಕೇರಿ

ಆಸ್ಪತ್ರೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನ ಜನ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನವನ್ನೇ ನಡೆಸಿದರು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ತಲೆಗೆ ಪೆಟ್ಟಾದವರ, ಹೃದಯಾಘಾತವಾದವರ ಪಾಲಿಗೆ ಆ ದೂರವೇ ಅಪಾಯ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು 2016ರಿಂದ ನಡೆಯುತ್ತಿದೆ. ಆದ್ದರಿಂದ ಕಟ್ಟಡ ಎಷ್ಟು ಎದ್ದಿತು ಎಂದಷ್ಟೇ ಕೇಳದೆ, ನರರೋಗ ಮತ್ತು ಹೃದ್ರೋಗ ತಜ್ಞರ ಹುದ್ದೆಗಳು ಮಂಜೂರಾಗಿವೆಯೇ, ಭರ್ತಿಯಾಗಿವೆಯೇ, ರಾತ್ರಿ ಪಾಳಿಗೆ ತಜ್ಞರಿರುತ್ತಾರೆಯೇ ಎಂದು ಕೇಳಿ. ಆಂಬುಲೆನ್ಸ್ ಉದ್ಘಾಟನೆಯಾದ ಸುದ್ದಿ ಇದ್ದಲ್ಲಿ ಚಾಲಕರ ಮತ್ತು ತುರ್ತು ಚಿಕಿತ್ಸಾ ಸಿಬ್ಬಂದಿಯ ಹುದ್ದೆಗಳ ಬಗ್ಗೆಯೂ ವಿಚಾರಿಸಿ.

ಸಂಘದ ಕಾರ್ಯದರ್ಶಿ, ಸಿದ್ದಾಪುರ

ಎಲ್ಲರಿಗೂ ಸಂಘದ ಪರವಾಗಿ ಕೃತಜ್ಞತೆಗಳು. ಅರ್ಜಿಗಳನ್ನು ಬೇರೆ ಬೇರೆಯಾಗಿ ಬರೆಯುತ್ತಿದ್ದೇವೆ. ನದಿದಡದ ಕುಟುಂಬಗಳ ವಿಷಯವನ್ನು ಟಿಪ್ಪಣಿಯ ಮೊದಲಿಗೆ ಇಡಬೇಕೆಂದು ಕರಡಿಗೋಡಿನ ಸದಸ್ಯರು ಹೇಳಿದ್ದಾರೆ. ಮಳೆಗಾಲದಲ್ಲಿ ನೋಟಿಸು ಪಡೆದು ಕಾಳಜಿ ಕೇಂದ್ರಕ್ಕೆ ಹೋಗುವುದು, ನೀರು ಇಳಿದ ಮೇಲೆ ಅದೇ ಮನೆಗೆ ಮರಳುವುದು 2019ರ ಪ್ರವಾಹದ ನಂತರ ಅವರ ಬದುಕಿನ ಕ್ರಮವೇ ಆಗಿಬಿಟ್ಟಿದೆ. ಶಾಸಕರು ಸದನದಲ್ಲಿ ಕೇಳಲೆಂದು ನಾವು ಕೊಡಲಿರುವ ಪ್ರಶ್ನೆಯ ಕರಡು ಹೀಗಿದೆ: "ಕಾವೇರಿ ನದಿದಡದ ಕುಟುಂಬಗಳು ಪ್ರತಿವರ್ಷ ಪ್ರವಾಹಕ್ಕೆ ತುತ್ತಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಅವರಿಗೆ ಶಾಶ್ವತ ಪುನರ್ವಸತಿ ಕಲ್ಪಿಸಲಾಗುವುದೇ?" ಇಷ್ಟು ಸಾಕೇ?

ನಿವೃತ್ತ ತಾಲ್ಲೂಕು ಪಂಚಾಯಿತಿ ನೌಕರ, ಸೋಮವಾರಪೇಟೆ

ಸಾಲದು. ಮೊದಲ ವಾಕ್ಯಕ್ಕೆ "ಬಂದಿದೆ" ಎಂದೂ ಎರಡನೆಯದಕ್ಕೆ "ಪರಿಶೀಲನೆಯಲ್ಲಿದೆ" ಎಂದೂ ಉತ್ತರ ಬರುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಮೊದಲ ವಾಕ್ಯವನ್ನು ಇರಿಸಿಕೊಂಡು ಎರಡನೆಯದರ ಬದಲಿಗೆ ಹೀಗೆ ಬರೆಯಿರಿ: "ಬಂದಿದ್ದಲ್ಲಿ, ಸ್ಥಳಾಂತರಕ್ಕೆ ಗುರುತಿಸಿರುವ ಕುಟುಂಬಗಳ ಸಂಖ್ಯೆ ಗ್ರಾಮವಾರು ಎಷ್ಟು? ಅವರಿಗಾಗಿ ಕಾಯ್ದಿರಿಸಿದ ಜಾಗದ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಎಷ್ಟು? ಅಲ್ಲಿ ನಿವೇಶನದ ಹಕ್ಕುಪತ್ರ ಪಡೆದವರೆಷ್ಟು, ಮನೆ ಪೂರ್ಣಗೊಂಡು ವಾಸ ಆರಂಭಿಸಿದವರೆಷ್ಟು? ಉಳಿದವರಿಗೆ ಯಾವ ಕಾಲಮಿತಿಯೊಳಗೆ ಒದಗಿಸಲಾಗುವುದು?" ನೆಲ್ಯಹುದಿಕೇರಿಯ ಕುಟುಂಬಗಳಿಗಾಗಿ ಇದೇ ಪ್ರಶ್ನೆಯ ಪ್ರತಿಯನ್ನು ಮಡಿಕೇರಿ ಕ್ಷೇತ್ರದ ಶಾಸಕರಿಗೂ ಕೊಡಿ, ಎರಡೂ ಪ್ರತಿಗಳಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.