ಸಭೆಯಿಂದ ದೂರವಾದ ವಿಶ್ವಾಸಿಯ ರಕ್ಷಣೆ ಉಳಿಯುತ್ತದೆಯೇ?

ಪ್ರಶ್ನೆ: ಲಿಂಗರಾಜಪುರದ ಓದುಗ

ಸಹೋದರ ಸಹೋದರಿಯರಿಗೆ ವಂದನೆಗಳು. ನನ್ನ ಅಣ್ಣ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ದೃಢೀಕರಣ (ತನ್ನ ನಂಬಿಕೆಯನ್ನು ಸ್ವತಃ ಒಪ್ಪಿ ಸ್ಥಿರಪಡಿಸುವ ವಿಧಿ) ಹೊಂದಿ, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವನು, ಕೆಲವು ವರ್ಷಗಳಿಂದ ಆರಾಧನೆಗೆ ಬರುತ್ತಿಲ್ಲ. ಪ್ರಾರ್ಥನೆಯ ಮಾತೆತ್ತಿದರೆ ಎದ್ದುಹೋಗುತ್ತಾನೆ. ಬ್ಯಾಪ್ಟಿಸ್ಟ್ ಸಭೆಯವರಾದ ನಮ್ಮ ಭಾವ, ಒಮ್ಮೆ ರಕ್ಷಣೆ (ಪಾಪದಿಂದ ಬಿಡುಗಡೆ) ಹೊಂದಿದವನು ಕಳೆದುಹೋಗಲಾರ, ಚಿಂತಿಸಬೇಡ ಎನ್ನುತ್ತಾರೆ. ಪೆಂತೆಕೋಸ್ತ್ ಸಭೆಗೆ ಹೋಗುವ ನೆರೆಮನೆಯವರು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನು ತೆರೆದು, ಅಂಥವನಿಗೆ ಇನ್ನು ದಾರಿಯೇ ಇಲ್ಲ ಎನ್ನುತ್ತಾರೆ. ಸತ್ಯವೇದವು ನಿಜವಾಗಿ ಏನನ್ನು ಬೋಧಿಸುತ್ತದೆ?

ಉತ್ತರ 1: ಫ್ರೇಜರ್ ಟೌನಿನ ಓದುಗ

ನಿಮ್ಮ ಭಾವನವರ ಮಾತಿಗೆ ಆಧಾರವಿದೆ, ಆದರೆ ಅವರು ಅದರ ಅರ್ಧವನ್ನಷ್ಟೇ ಹೇಳಿದ್ದಾರೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರೆಂದು ಕರ್ತನು ಯೋಹಾನ 10:28ರಲ್ಲಿ ಹೇಳಿದ್ದಾನೆ. ಒಳ್ಳೆಯ ಕಾರ್ಯವನ್ನು ಪ್ರಾರಂಭಿಸಿದಾತನೇ ಅದನ್ನು ಪೂರೈಸುವನೆಂದು ಪೌಲನು ಫಿಲಿಪ್ಪಿಯವರಿಗೆ ಬರೆದಿದ್ದಾನೆ. ನೆದರ್ಲೆಂಡ್ಸಿನ ಡಾರ್ಟ್ ನಗರದಲ್ಲಿ 1618–19ರಲ್ಲಿ ಸೇರಿದ ಮಹಾಸಭೆಯು ಈ ಬೋಧನೆಯನ್ನು ವಿವರವಾಗಿ ನಿರೂಪಿಸಿತು. ಆದರೆ ಅದೇ ಸಭೆಯು, ದೇವರು ಆರಿಸಿಕೊಂಡವರೂ ದಾವೀದ ಮತ್ತು ಪೇತ್ರರಂತೆ ಘೋರವಾಗಿ ಬೀಳಬಹುದು, ದೇವರ ದಯೆಯ ಅನುಭವವನ್ನು ಕೆಲಕಾಲ ಕಳೆದುಕೊಳ್ಳಬಹುದು ಎಂದು ಒಪ್ಪಿಕೊಂಡು, ದೇವರು ಅವರನ್ನು ಪಶ್ಚಾತ್ತಾಪದ ಮೂಲಕವೇ ಹಿಂದಕ್ಕೆ ತರುತ್ತಾನೆ ಎಂದಿತು. ಕೈ ಎತ್ತಿ ಒಮ್ಮೆ ಪ್ರಾರ್ಥಿಸಿದರೆ ಸಾಕು, ಆಮೇಲೆ ಹೇಗಿದ್ದರೂ ನಡೆಯುತ್ತದೆ ಎಂಬುದು ಈ ಬೋಧನೆಯಲ್ಲ. ನಮ್ಮ ಊರಿನ ಕೂಟಗಳಲ್ಲಿ ಅದೇ ಹೆಚ್ಚಾಗಿ ಕೇಳಿಬರುವುದು ಬೇಸರದ ಸಂಗತಿ. ಕೊನೆಯವರೆಗೆ ಹಿಂದಿರುಗದೆ ಹೋದವರ ವಿಷಯದಲ್ಲಿ ಈ ಪಕ್ಷದವರು 1 ಯೋಹಾನ 2:19ನ್ನು ತೋರಿಸಿ, ಅವರು ಮೊದಲಿಂದಲೂ ನಮ್ಮವರಾಗಿರಲಿಲ್ಲ ಎನ್ನುತ್ತಾರೆ.

ಉತ್ತರ 2: ಹಲಸೂರಿನ ಓದುಗ

ಆ ಕೊನೆಯ ವಾದವೇ ನನಗೆ ಒಪ್ಪಿಗೆಯಾಗುವುದಿಲ್ಲ. ಇಬ್ರಿಯರಿಗೆ 6:4–6ರಲ್ಲಿ ಹೇಳಿರುವವರು ಬೆಳಕನ್ನು ಕಂಡವರು, ಪವಿತ್ರಾತ್ಮನಲ್ಲಿ ಪಾಲುಹೊಂದಿದವರು; ಅಂಥವರು ಬಿದ್ದುಹೋದರೆ ಅವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಅಲ್ಲಿದೆ. ಅವರನ್ನು ಹೆಸರಿಗಷ್ಟೇ ಕ್ರೈಸ್ತರೆಂದು ತಳ್ಳಿಹಾಕುವುದು ವಚನಕ್ಕೆ ನ್ಯಾಯವಲ್ಲ. 1610ರಲ್ಲಿ ಡಚ್ ದೇವತಾಶಾಸ್ತ್ರಜ್ಞ ಆರ್ಮಿನಿಯಸನ ಅನುಯಾಯಿಗಳು, ನಿಜವಾದ ವಿಶ್ವಾಸಿಯು ಬಿದ್ದುಹೋಗಬಹುದೇ ಎಂಬ ಪ್ರಶ್ನೆಯನ್ನು ಇನ್ನೂ ಪರಿಶೀಲಿಸಬೇಕೆಂದು ಬಿಟ್ಟಿದ್ದರು. ಮುಂದೆ ಮೆಥಡಿಸ್ಟ್ ಪರಂಪರೆಯ ಸ್ಥಾಪಕ ಜಾನ್ ವೆಸ್ಲಿಯವರು, ನಿಜವಾದ ವಿಶ್ವಾಸಿಯೂ ಬಿದ್ದುಹೋಗಬಹುದೆಂದು ಸ್ಪಷ್ಟವಾಗಿ ಬೋಧಿಸಿದರು. ಆದರೂ ನಿಮ್ಮ ನೆರೆಮನೆಯವರ ನಿರಾಶೆ ವೆಸ್ಲಿಯವರದಲ್ಲ. ಹಿಂಜಾರಿದವರನ್ನು ಉದ್ದೇಶಿಸಿಯೇ ಬರೆದ ಪ್ರಸಂಗದಲ್ಲಿ ಅವರು, ಹಾಗೆ ಬಿದ್ದವರು ಮತ್ತೆ ಎದ್ದದ್ದುಂಟು ಎಂದು ವಾದಿಸುತ್ತಾರೆ. ಇಬ್ರಿಯರಿಗೆ ಬರೆದವನು ಕೂಡ, ಅಷ್ಟು ಕಟುವಾಗಿ ಎಚ್ಚರಿಸಿದ ಬೆನ್ನಲ್ಲೇ, 9ನೆಯ ವಚನದಲ್ಲಿ ಅದೇ ಓದುಗರನ್ನು ಪ್ರಿಯರೇ ಎಂದು ಕರೆದು, ನಿಮ್ಮ ವಿಷಯದಲ್ಲಿ ಉತ್ತಮವಾದದ್ದನ್ನೇ ನಂಬಿದ್ದೇವೆ ಎನ್ನುತ್ತಾನೆ.

ಅಂದಹಾಗೆ, ನಿಮ್ಮ ಸಭೆಯಲ್ಲಿ ಎರಡು ಬಗೆಯ ಉಪದೇಶ ಕೇಳಿಬಂದರೆ ಅಚ್ಚರಿಪಡಬೇಕಿಲ್ಲ: 1947ರಲ್ಲಿ ಸಿ.ಎಸ್.ಐ. ರೂಪುಗೊಂಡಾಗ ಆಂಗ್ಲಿಕನ್ನರು ಮತ್ತು ಮೆಥಡಿಸ್ಟರ ಜೊತೆಗೆ, ಡಾರ್ಟಿನ ಬೋಧನೆಗೆ ಹತ್ತಿರವಾದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳೂ ಕೂಡಿಕೊಂಡವು.

ಉತ್ತರ 3: ಶಿವಾಜಿನಗರದ ಓದುಗ

ಕಥೋಲಿಕರ ನಿಲುವನ್ನೂ ಸೇರಿಸುತ್ತೇನೆ. ಕೊನೆಯವರೆಗೆ ನಿಲ್ಲುವುದು ದೇವರ ವರವೆಂದು ಸಂತ ಅಗಸ್ಟೀನರು ಬೋಧಿಸಿದರು. ದೇವರ ವಿಶೇಷ ಪ್ರಕಟನೆಯಿಲ್ಲದೆ ಆ ವರ ತನಗೆ ಖಂಡಿತ ಸಿಗುವುದೆಂದು ಯಾರೂ ಸಾಧಿಸಿ ಹೇಳಕೂಡದೆಂದು ಟ್ರೆಂಟ್ ಮಹಾಸಭೆ 1547ರಲ್ಲಿ ತೀರ್ಮಾನಿಸಿತು. ಘೋರ ಪಾಪದಿಂದ ಕೃಪೆಯನ್ನು ಕಳೆದುಕೊಂಡವನಿಗೂ ಪಾಪನಿವೇದನೆಯ ಸಂಸ್ಕಾರದ ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ನಾನು ಅಣ್ಣನಿಗೆ ಧೈರ್ಯ ಹೇಳಬೇಕೇ, ಎಚ್ಚರಿಕೆ ಕೊಡಬೇಕೇ?

ಉತ್ತರ 1 ಬರೆದವರು

ಅವನು ತ್ಯಜಿಸಿರುವುದು ಕ್ರಿಸ್ತನನ್ನೋ ಸಭೆಯನ್ನೋ ಎಂಬುದು ನಿಮ್ಮ ಬರಹದಿಂದ ತಿಳಿಯುವುದಿಲ್ಲ. ಸಭಾ ಚುನಾವಣೆಯ ಜಗಳದಿಂದಲೋ, ಸಭಾಪಾಲಕರ ಒಂದು ಮಾತಿನಿಂದಲೋ ನೊಂದು ಮನೆಯಲ್ಲಿ ಕುಳಿತವರನ್ನು ನಾನು ಕಂಡಿದ್ದೇನೆ; ಅವರಿಗೆ ಇಬ್ರಿಯರಿಗೆ 6ನ್ನು ಓದಿ ಹೇಳುವುದು ಕ್ರೌರ್ಯ. ಲೂಕ 22:32ರಲ್ಲಿ ಕರ್ತನು, ಪೇತ್ರನು ತನ್ನನ್ನು ಅಲ್ಲಗಳೆಯುವ ಮೊದಲೇ, ಅವನ ನಂಬಿಕೆ ಕುಂದಿಹೋಗದಂತೆ ಪ್ರಾರ್ಥಿಸಿದೆನೆಂದು ಅವನಿಗೇ ತಿಳಿಸುತ್ತಾನೆ. ಭಾವ, ನೆರೆಮನೆಯವರು ಯಾರೂ ಇಲ್ಲದ ಹೊತ್ತಿನಲ್ಲಿ, ಏನಾಯಿತೆಂದು ಅಣ್ಣನನ್ನೇ ಕೇಳಿ. ಯಾವ ವಚನವನ್ನು ತೆರೆಯಬೇಕೆಂಬುದನ್ನು ಆಮೇಲೆ ನೋಡೋಣ.