ಅಪ್‌ಡೇಟ್: ಮಗಳ ಶಾಲೆಯ ಆ ಗಡಿಬಿಡಿ ವಾರ ಮುಗೀತು

ಒಂದೇ ವಾರದಲ್ಲಿ ಮ್ಯೂಸಿಯಂ ಪ್ರವಾಸ, ವಿಜ್ಞಾನ ಪ್ರದರ್ಶನ, ಕ್ರೀಡಾಕೂಟ, ನಾಟಕ. ಎರಡನೇ ಕ್ಲಾಸಿನ ಮಗಳಿಗೆ ಬಸ್ಸಲ್ಲಿ ವಾಂತಿ ಬೇರೆ, ಹೇಗೆ ನಿಭಾಯಿಸೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಬಸ್ಸಿನ ಸಲಹೆ ಫಲಿಸಿತು. ಟೀಚರಿಗೆ ಹೇಳಿ ಮುಂದಿನ ಸೀಟು ಕೊಡಿಸಿದೆ. ಪುಸ್ತಕ ಬೇಡ, ದೂರದ ರಸ್ತೆ ನೋಡ್ತಾ ಕೂತಿರು ಅಂದಿದ್ದೆ. ಒಳಕಿವಿಗೆ ಗೊತ್ತಾಗೋ ಚಲನೆಗೂ ಕಣ್ಣಿಗೆ ಕಾಣೋದಕ್ಕೂ ತಾಳೆಯಾಗದೆ ವಾಕರಿಕೆ ಬರುತ್ತೆ ಅಂತ ನೀವು ಬರೆದಿದ್ದನ್ನ ಅವಳಿಗೂ ಓದಿ ಹೇಳಿದ್ದೆ. ಹೋಗ್ತಾ ಬರ್ತಾ ಎರಡೂ ಸಲ ಆರಾಮಾಗಿದ್ಲು.

ಪ್ರದರ್ಶನಕ್ಕೆ ಜ್ವಾಲಾಮುಖಿ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದದ್ದೇ ತಡ, ಕೆಂಪು ನೊರೆ ಉಕ್ಕಿ ಮೇಜು ದಾಟಿ ಅವಳ ಬಿಳಿ ಶೂ ಮೇಲೆ ಇಳೀತು. ಅದನ್ನ ಲೆಕ್ಕಿಸದೆ "ಇದು ಕಾರ್ಬನ್ ಡೈಆಕ್ಸೈಡ್!" ಅಂತ ಬಂದವರಿಗೆಲ್ಲ ಹೇಳ್ತಿದ್ಲು. ನನ್ನ ಕಣ್ಣು ತುಂಬಿ ಬಂತು.

ನಿದ್ದೆ ವಿಷಯದಲ್ಲಿ ಮಾತ್ರ ಎಡವಿದೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕು, ಗುರುವಾರ ಅವಳಿಗೆ ಸಿಕ್ಕಿದ್ದು 7. ಅದಕ್ಕೇ ಮರುದಿನ ಒಂದು ಓಟ ಬಿಡಿಸಿದೆ. ಅತ್ತಳು, ಆದರೂ ಮಾಡಿದ್ದು ಸರಿ ಅನ್ನಿಸುತ್ತೆ.

ನಾಟಕ ಚೆನ್ನಾಗಾಯ್ತು. ಇವತ್ತು ಭಾನುವಾರ, ಗಂಟೆ ಹತ್ತಾದರೂ ಎದ್ದಿಲ್ಲ. ನಾನೂ ಎಬ್ಬಿಸಿಲ್ಲ.