ಗೆದ್ದವರು ಮೇಲೋ, ಹೆಚ್ಚು ಓಡಿದವರು ಮೇಲೋ: ‘ಹಳೇಮನೆ ಬಳಗ’ದಲ್ಲಿ ಭಾನುವಾರದ ಜಗಳ

ಶಿವಮೊಗ್ಗ ಅತ್ತೆ (ಫಾರ್ವರ್ಡ್): ತಪ್ಪದೆ ಓದಿ!! ಸ್ಕೇಟ್‌ಬೋರ್ಡ್ ಮೇಲೆ ಗಂಟೆಗೆ 146 ಕಿ.ಮೀ. ವೇಗ!! ಒಲಿಂಪಿಕ್ಸ್ ಆಟವಾದ ಡೌನ್‌ಹಿಲ್ ರೇಸ್‌ನಲ್ಲಿ ರ‍್ಯಾಂಕಿಂಗ್ ಹೆಸರಲ್ಲಿ ಮೋಸ. ಗೆದ್ದವರಿಗಲ್ಲ, ಹೆಚ್ಚು ರೇಸ್‌ಗೆ ಹೋದವರಿಗೆ ನಂಬರ್ ಒನ್ ಪಟ್ಟ. ದುಡ್ಡಿದ್ದವರದ್ದೇ ಆಟ. ಎಲ್ಲ ಗುಂಪುಗಳಿಗೂ ಕಳಿಸಿ.

ಶಿವಮೊಗ್ಗ ಅತ್ತೆ: ಪರ್ತ್‌ನಲ್ಲಿ ನಮ್ಮ ಪುಟ್ಟ ಆಡುವುದು ಇದೇ ಅಲ್ವಾ? 146 ಅಂತೆ! ನನಗೆ ಎದೆ ಡವಡವ ಅನ್ನುತ್ತಿದೆ ಕಣೇ.

ಭಾವ: ಮೂಲ ಎಲ್ಲಿ? ಯಾರು ಬರೆದದ್ದು? ಯಾವ ದೇಶದ ರ‍್ಯಾಂಕಿಂಗ್? ದಿನಾಂಕ ಇಲ್ಲ, ಹೆಸರಿಲ್ಲ. ಓದದೆ ಕಳಿಸಬೇಡಿ ಅಂತ ಎಷ್ಟು ಸಲ ಹೇಳಬೇಕು ಅತ್ತೆ?

ಶಿವಮೊಗ್ಗ ಅತ್ತೆ: ಓದಿಯೇ ಕಳಿಸಿದ್ದು. 146 ಅಂತ ದಪ್ಪ ಅಕ್ಷರದಲ್ಲಿದೆ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಮಕ್ಕಳನ್ನು ಗಂಟೆಗೆ 146 ಕಿ.ಮೀ. ವೇಗದಲ್ಲಿ ಗುಡ್ಡದಿಂದ ಇಳಿಯಲು ಬಿಡುವುದು ಯಾವ ಶಿಕ್ಷಣ? ಆಟ ಇರಬೇಕು, ಹುಚ್ಚಾಟ ಇರಬಾರದು. ತಂದೆ ತಾಯಿ ಯೋಚಿಸಬೇಕು.

ನಾನು: ದೊಡ್ಡಪ್ಪ, ಅತ್ತೆ, ನನ್ನ ಮಗ ಪುಟ್ಟ 146ರಲ್ಲಿ ಹೋಗುವುದಿಲ್ಲ. ಅದು ವಿಶ್ವದಾಖಲೆ. 2017ರಲ್ಲಿ ಪೀಟರ್ ಕಾನಲಿ ಎಂಬವರು ಕೆನಡಾದ ಕ್ವಿಬೆಕ್‌ನಲ್ಲಿ 146.73 ಮುಟ್ಟಿದರು. ಅದು ವೇಗಕ್ಕಾಗಿಯೇ ಮಾಡಿದ ಪ್ರಯತ್ನ, ರೇಸ್ ಅಲ್ಲ. ಪುಟ್ಟ ಇಳಿಯುವುದು ವಾಹನ ನಿಲ್ಲಿಸಿದ ರಸ್ತೆಯಲ್ಲಿ. ಮುಖ ಮುಚ್ಚುವ ಹೆಲ್ಮೆಟ್, ಚರ್ಮದ ಸೂಟ್ ಇಲ್ಲದೆ ಬೋರ್ಡ್ ಮುಟ್ಟಲೂ ಬಿಡುವುದಿಲ್ಲ. ತಿರುವುಗಳಲ್ಲಿ ಹುಲ್ಲಿನ ಮೂಟೆ ಇಟ್ಟಿರುತ್ತಾರೆ.

ಭಾವ: ಮತ್ತೆ ಒಲಿಂಪಿಕ್ಸ್ ಅಂತ ಬರೆದಿದ್ದಾರೆ?

ನಾನು: ಅದೂ ತಪ್ಪು. ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿ ಇರುವುದು ಸ್ಟ್ರೀಟ್ (ಮೆಟ್ಟಿಲು, ಕಂಬಿಗಳ ಮೇಲಿನ ಕಸರತ್ತು) ಮತ್ತು ಪಾರ್ಕ್ (ಬಟ್ಟಲಿನಂಥ ಗುಂಡಿಯಲ್ಲಿ ಕಸರತ್ತು) ಮಾತ್ರ. ಡೌನ್‌ಹಿಲ್ ಇಲ್ಲ. ಆದರೆ ರ‍್ಯಾಂಕಿಂಗ್ ಮಾತು ಮಾತ್ರ ನಿಜಕ್ಕೆ ಹತ್ತಿರ ಇದೆ ಭಾವ. ಅದನ್ನು ತಳ್ಳಿ ಹಾಕಬೇಡಿ.

ಭಾವ: ಎರಡು ತಪ್ಪು ಇರುವ ಮೆಸೇಜ್‌ನಲ್ಲಿ ಮೂರನೆಯದು ಸರಿ ಅಂತ ನಾನು ಹೇಗೆ ನಂಬಲಿ?

ಸಾಗರದ ಅಣ್ಣ: ಇದನ್ನೆಲ್ಲ ನೋಡಿದರೆ ನಮ್ಮ ಬೇರಿಂಗ್ ಗಾಡಿ ನೆನಪಾಗುತ್ತದೆ. ಲಾರಿ ಗ್ಯಾರೇಜ್‌ನಿಂದ ಹಳೇ ಬೇರಿಂಗ್ ತಂದು, ಹಲಗೆಗೆ ಮೂರು ಹೊಡೆದು, ಮುಂದಿನದಕ್ಕೆ ಹಗ್ಗ ಕಟ್ಟಿ, ದೇವಸ್ಥಾನದ ಇಳಿಜಾರಿನಿಂದ ಕೆರೆ ಏರಿವರೆಗೆ! ಏನು ಸದ್ದು ಮಾರಾಯ! ಮೊಣಕೈ ಗಾಯದ ಗುರುತು ಇನ್ನೂ ಇದೆ.

ದೊಡ್ಡಪ್ಪ: ಬೆನ್ನ ಮೇಲೆ ಪೇರಲೆ ಬರಲಿನ ಗುರುತು ಇಲ್ಲವೇ?

ಸಾಗರದ ಅಣ್ಣ: ಅದೂ ಇದೆ ಅಪ್ಪಯ್ಯ. ಬ್ರೇಕ್ ಇರಲಿಲ್ಲ, ಕಾಲೇ ಬ್ರೇಕ್. ಎರಡು ಜೊತೆ ಹವಾಯಿ ಚಪ್ಪಲಿ ಸವೆದು ಹೋಗಿತ್ತು.

ನಾನು: ಅಣ್ಣ, ಆ ಗಾಡಿ ರೇಸ್‌ನಲ್ಲಿ ಗೆದ್ದವರನ್ನು ಗುರುತಿಸುವುದು ಸುಲಭವಿತ್ತು. ಒಂದೇ ಇಳಿಜಾರು, ಎಲ್ಲರೂ ಅಲ್ಲೇ. ಇಲ್ಲಿ ಹಾಗಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ರೇಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಒಬ್ಬೊಬ್ಬರೇ ಇಳಿಯುತ್ತಾರೆ, ಸಮಯ ಬರೆದುಕೊಳ್ಳುತ್ತಾರೆ. ಆಮೇಲೆ ನಾಲ್ಕು ನಾಲ್ಕು ಜನರ ಹೀಟ್. ಮೊದಲ ಇಬ್ಬರು ಮುಂದಿನ ಸುತ್ತಿಗೆ. ಕೊನೆಗೆ ಸ್ಥಾನ ನೋಡಿ ಪಾಯಿಂಟ್. ಇಲ್ಲಿವರೆಗೆ ತಕರಾರಿಲ್ಲ. ಪುಟ್ಟ ಇರುವ ಪಟ್ಟಿಯಲ್ಲಿ ವರ್ಷದ ಎಲ್ಲ ರೇಸ್‌ಗಳ ಪಾಯಿಂಟ್ ಕೂಡಿಸುತ್ತಾರೆ. ತೊಂದರೆ ಅಲ್ಲಿದೆ. ಹೆಚ್ಚು ರೇಸ್ ನಡೆಯುವುದು ಆಸ್ಟ್ರೇಲಿಯಾದ ಪೂರ್ವದಲ್ಲಿ, ಪರ್ತ್ ಇರುವುದು ಪಶ್ಚಿಮದ ತುದಿಯಲ್ಲಿ. ಪರ್ತ್‌ನಿಂದ ಸಿಡ್ನಿಗೆ ರಸ್ತೆಯಲ್ಲಿ 3,900 ಕಿ.ಮೀ. ವಿಮಾನದಲ್ಲೇ ನಾಲ್ಕು ಗಂಟೆ ಮೇಲೆ. ಸಿಡ್ನಿ ಹುಡುಗ ಬೆಳಿಗ್ಗೆ ತಿಂಡಿ ತಿಂದು 200 ಕಿ.ಮೀ. ದೂರದ ಬ್ಯಾಥರ್ಸ್ಟ್‌ಗೆ ಕಾರಿನಲ್ಲಿ ಹೋಗಿಬಿಡುತ್ತಾನೆ. ಅಲ್ಲಿನ ಮೌಂಟ್ ಪನೋರಮಾ ಕಾರ್ ರೇಸ್‌ಗೆ ಹೆಸರಾದ ಗುಡ್ಡ. ನ್ಯೂಟನ್ಸ್ ನೇಷನ್ ಎಂಬ ದೊಡ್ಡ ಡೌನ್‌ಹಿಲ್ ರೇಸ್ ಒಂದು ಕಾಲದಲ್ಲಿ ಅಲ್ಲೇ ನಡೆಯುತ್ತಿತ್ತು. ಐದು ರೇಸ್‌ನಲ್ಲಿ ಐದನೇ ಸ್ಥಾನ ಬಂದವರು, ಎರಡೇ ರೇಸ್ ಓಡಿ ಎರಡೂ ಗೆದ್ದವರಿಗಿಂತ ಮೇಲೆ ಕೂರುತ್ತಾರೆ. ಇದು ನನ್ನ ಮಗನೊಬ್ಬನ ಮಾತಲ್ಲ. ದೂರದ ಊರಿನ ಎಲ್ಲ ಮಕ್ಕಳ ಮಾತು.

ಭಾವ: ಸರಾಸರಿ ತೆಗೆದರೆ ಆಯಿತಪ್ಪ.

ನಾನು: ಆಗ ಒಂದೇ ರೇಸ್ ಗೆದ್ದು ಮನೆಯಲ್ಲಿ ಕುಳಿತವರು ನಂಬರ್ ಒನ್. ಮತ್ತೆ ಯಾರೂ ಎರಡನೇ ರೇಸ್‌ಗೆ ಬರುವುದಿಲ್ಲ.

ಭಾವ: ಹಾಗಾದರೆ ಸಮಯ ನೋಡಿ. ಸ್ಟಾಪ್‌ವಾಚ್ ಸುಳ್ಳು ಹೇಳುವುದಿಲ್ಲ.

ನಾನು: ಒಂದು ಗುಡ್ಡ ನೇರ, ಇನ್ನೊಂದರಲ್ಲಿ ಬರೀ ತಿರುವು. ಮಳೆ ಬಿದ್ದರೆ ಅದೇ ಗುಡ್ಡದ ಸಮಯವೂ ಬೇರೆ. ಹೀಟ್‌ನಲ್ಲಿ ಮುಂದಿನವರ ಬೆನ್ನ ಹಿಂದೆ ಹೋದರೆ ಗಾಳಿ ತಡೆ ಕಡಿಮೆ, ವೇಗ ಜಾಸ್ತಿ. ಸಮಯಕ್ಕೆ ಸಮಯ ಹೋಲಿಸಲು ಆಗುವುದಿಲ್ಲ ಭಾವ.

ಸಾಗರದ ಅಣ್ಣ: ಹೆಚ್ಚು ಆಟ ಆಡಿದವರಿಗೆ ಕಪ್ ಕೊಡುವುದು ನಮ್ಮ ಮನೆಯಲ್ಲೂ ಇತ್ತಲ್ಲ. ದೀಪಾವಳಿಯ ಕೇರಂ! ನಾನು ಎರಡನೇ ದಿನ ಬಂದೆ, ಒಂದು ಬೋರ್ಡೂ ಸೋಲಲಿಲ್ಲ. ಕಪ್ ಭಾವನ ಶೋಕೇಸ್‌ನಲ್ಲಿದೆ.

ಭಾವ: ನಿಯಮ ಮೊದಲೇ ಹೇಳಿತ್ತು. ಒಟ್ಟು ಪಾಯಿಂಟ್. ನೀನು ತಡವಾಗಿ ಬಂದದ್ದು ನನ್ನ ತಪ್ಪಾ?

ಸಾಗರದ ಅಣ್ಣ: ಅಡಿಕೆ ಕೊಯ್ಲು ಬಿಟ್ಟು ಬರಲಾ? ನಿಯಮ ಬರೆದವರು ಯಾರು, ಅದನ್ನೂ ಹೇಳಿ.

ಅಕ್ಕ: ಅಣ್ಣ, ಅದನ್ನು ಈಗ ಯಾಕೆ ತೆಗೆಯುತ್ತೀಯ? ಬೇಕಾದರೆ ಕಪ್ ಕೊರಿಯರ್ ಮಾಡುತ್ತೇನೆ.

ಸಾಗರದ ಅಣ್ಣ: ಕಪ್ ಬೇಡ. ಮನೆಗೆ ಬಣ್ಣ ಹೊಡೆಸಿದ ಲೆಕ್ಕ ಕೇಳಿದಾಗ ಭಾವ ಯಾವ ಮೂಲವನ್ನೂ ತೋರಿಸಲಿಲ್ಲ. ಅತ್ತೆಗೆ ಮಾತ್ರ ಮೂಲ ಕೇಳುತ್ತಾರೆ.

ಶಿವಮೊಗ್ಗ ಅತ್ತೆ: ಹೌದು ನೋಡು!

ಭಾವ: ಬಿಲ್ ಎಲ್ಲ ಫೈಲ್‌ನಲ್ಲಿದೆ. ಬೆಂಗಳೂರಿಗೆ ಬಂದು ನೋಡು.

ದೊಡ್ಡಪ್ಪ: ಸಾಕು. ಹಿರಿಯರಿರುವ ಗುಂಪು ಇದು. ಪ್ರಕಾಶ್ ಪಡುಕೋಣೆಯವರನ್ನು ನೋಡಿ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದವರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಪಟ್ಟಿ ನೋಡುತ್ತಾ ಕೂರಲಿಲ್ಲ, ಆಡಿದರು. ಪುಟ್ಟನಿಗೂ ಅದನ್ನೇ ಹೇಳು.

ನಾನು: ದೊಡ್ಡಪ್ಪ, ಪುಟ್ಟ ಆಡುತ್ತಾನೆ. ಪಟ್ಟಿ ನೋಡುವುದು ತಂಡ ಆರಿಸುವವರು, ಪ್ರಾಯೋಜಕರು. ಅದಕ್ಕೇ ನಾನು ಕೇಳುತ್ತಿರುವುದು. ನೀವು ಹೇಳಿದ ಬ್ಯಾಡ್ಮಿಂಟನ್‌ನಲ್ಲೇ ಒಂದು ದಾರಿ ಇದೆ. ಅಲ್ಲಿ ವಿಶ್ವ ರ‍್ಯಾಂಕಿಂಗ್‌ಗೆ 52 ವಾರದಲ್ಲಿ ಆಡಿದ ಪಂದ್ಯಾವಳಿಗಳಲ್ಲಿ ಅತ್ಯುತ್ತಮ 10 ಫಲಿತಾಂಶ ಮಾತ್ರ ಲೆಕ್ಕಕ್ಕೆ. ಹೆಚ್ಚು ಆಡಿದರೆ ಉಳಿದವು ಬಿದ್ದು ಹೋಗುತ್ತವೆ. ನಮಗೆ 10 ರೇಸ್ ಇಲ್ಲ. ಒಳ್ಳೆಯ ಮೂರು ಸಾಕು. ಹೀಟ್‌ನಲ್ಲಿ ಎದುರಿಗಿದ್ದವರು ಬಿದ್ದು ನೀವೂ ಅವರ ಮೇಲೆ ಬಿದ್ದಿರೋ, ಆ ದಿನ ನಿಮ್ಮ ತಪ್ಪಿಲ್ಲದೆ ಹೋಯಿತು. ಡೌನ್‌ಹಿಲ್‌ನಲ್ಲಿ ಇದು ಆಗುತ್ತಲೇ ಇರುತ್ತದೆ. ಕೆಟ್ಟ ದಿನ ಪಟ್ಟಿಯಿಂದ ಹೊರಗೆ ಹೋಗುವುದು ಅದಕ್ಕೂ ನ್ಯಾಯ.

ಭಾವ: ಪರ್ತ್‌ನಲ್ಲಿ ಆರೇ ಜನ ಇರುವ ರೇಸ್ ಗೆದ್ದು ನೂರು ಪಾಯಿಂಟ್ ತೆಗೆದುಕೊಂಡರೆ? ಅದು ನ್ಯಾಯವಾ?

ನಾನು: ಅಲ್ಲ. ಒಳ್ಳೆಯ ಪ್ರಶ್ನೆ ಭಾವ. ಹಿಮದ ಸ್ಕೀ ರೇಸ್‌ಗಳಲ್ಲಿ ಯಾರು ಯಾರು ಓಡಿದರು ಅಂತ ನೋಡಿ ಆ ರೇಸ್‌ನ ಬೆಲೆ ಕಟ್ಟುತ್ತಾರೆ. ಗಟ್ಟಿಗರು ಬಂದಿದ್ದರೆ ಬೆಲೆ ಜಾಸ್ತಿ. ಹಾಗೇ ಇಲ್ಲೂ ಮಾಡಬಹುದು. ಆದರೆ ಅದರಲ್ಲೂ ಒಂದು ಸಿಕ್ಕು ಇದೆ. ಮೇಲಿನವರೆಲ್ಲ ಪೂರ್ವದಲ್ಲೇ ಓಡಿದರೆ ಪರ್ತ್ ರೇಸ್‌ಗೆ ಎಂದೂ ಬೆಲೆ ಬರುವುದಿಲ್ಲ. ಬೆಲೆ ಇಲ್ಲ ಅಂತ ಯಾರೂ ಬರುವುದಿಲ್ಲ. ಅದನ್ನು ಬಿಡಿಸಲು ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಒಂದು ರೇಸ್ ಬೇಕು. ಅಲ್ಲಿ ಪರ್ತ್ ಮಕ್ಕಳು ಹೇಗೆ ಓಡುತ್ತಾರೆ ಅಂತ ನೋಡಿ ಪರ್ತ್ ರೇಸ್‌ಗೆ ಬೆಲೆ ಕಟ್ಟಲಿ. ಹಿಂದೆ ಬಿದ್ದರೆ ಕಡಿಮೆ ಬೆಲೆ, ನಾವು ಒಪ್ಪುತ್ತೇವೆ. ನಿಯಮವನ್ನು ಮೊದಲ ರೇಸ್‌ಗೆ ಮುಂಚೆ ಬರೆದು ಹಾಕಬೇಕು. ಬರೆಯುವವರಲ್ಲಿ ಪೂರ್ವದವರು ಮಾತ್ರ ಇರಬಾರದು.

ಸಾಗರದ ಅಣ್ಣ: ಕೇರಂಗೂ ಇದೇ ಆಗಬೇಕಿತ್ತು.

ಶಿವಮೊಗ್ಗ ಅತ್ತೆ: ಹುಡುಗಿಯರು ಆಡುತ್ತಾರಾ?

ನಾನು: ಆಡುತ್ತಾರೆ ಅತ್ತೆ. ಅವರ ಸಂಖ್ಯೆ ಕಡಿಮೆ ಅಂತ ಕೆಲವು ಕಡೆ ಹುಡುಗರ ಜೊತೆಗೇ ಓಡಿಸಿ ಪಾಯಿಂಟ್ ಕೊಡುತ್ತಾರೆ. ಅವರಿಗೆ ಬೇರೆ ಪಟ್ಟಿ ಇರಲೇಬೇಕು. ಮಕ್ಕಳಿಗೂ.

ಶಿವಮೊಗ್ಗ ಅತ್ತೆ: ಹಾಗಾದರೆ ನಾನು ಕಳಿಸಿದ್ದು ಸರಿ ಅಂತಾಯಿತು.

ಭಾವ: ಮೂರರಲ್ಲಿ ಒಂದು ಸರಿ. ಇರಲಿ. ನೀನು ಆ ಪಟ್ಟಿ ಮಾಡುವವರಿಗೆ ಪತ್ರ ಬರೆಯುತ್ತೀಯಾದರೆ ಎಕ್ಸೆಲ್ ಹಾಳೆ ನನಗೆ ಕಳಿಸು. ಹೋದ ವರ್ಷದ ಫಲಿತಾಂಶವನ್ನು ಎರಡೂ ರೀತಿಯಲ್ಲಿ ಹಾಕಿ ನೋಡೋಣ. ಆದರೆ ಮೂರು ರೇಸ್ ಕಡಿಮೆ. ನಾಲ್ಕು ಇರಲಿ, ಅದೃಷ್ಟದಲ್ಲಿ ಮೇಲೆ ಬರುವುದು ತಪ್ಪುತ್ತದೆ.

ನಾನು: ಹಾಳೆ ಇವತ್ತೇ ಕಳಿಸುತ್ತೇನೆ. ಆದರೆ ನಾಲ್ಕು ಬೇಡ ಭಾವ. ಪರ್ತ್ ಸುತ್ತ ವರ್ಷಕ್ಕೆ ಎರಡೇ ರೇಸ್. ಮೂರು ಅಂದರೆ ಒಂದು ಸಲ ಪೂರ್ವಕ್ಕೆ ಹಾರಬೇಕು, ಎಲ್ಲರೂ ಸೇರುವ ರೇಸ್‌ಗೆ. ನಾಲ್ಕು ಅಂದರೆ ಎರಡು ಸಲ. ಎರಡನೇ ಟಿಕೆಟ್ ಕೊಳ್ಳಲಾಗದ ಮನೆಗಳು ಇಲ್ಲಿ ತುಂಬಾ ಇವೆ.

ಭಾವ: ನಾಲ್ಕು ಹಾಕಿ ಲೆಕ್ಕ ನೋಡಿ ಆಮೇಲೆ ಮಾತಾಡೋಣ.

ನಾನು: ನೋಡೋಣ. ಪತ್ರದಲ್ಲಿ ಮೂರು ಅಂತಲೇ ಬರೆಯುತ್ತೇನೆ.